ತೂಕಕ್ಕೆ ಸಿಕ್ಕಷ್ಟು ಹಿಮ

ಜನವರಿ ೧೦

ನಾನು, ತುರ್ದಾಕುನ್, ವಯಸ್ಸು ಐವತ್ತೈದು, ಈ ಕಣಿವೆಯ ಏಕೈಕ ಹಿಮಮಾಪಕ, ಹತ್ತೊಂಬತ್ತು ವರ್ಷಗಳ ನಿಷ್ಕಳಂಕ ಸೇವೆಯ ನಂತರ, ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಕಾಲಲ್ಲಿ ಉಣ್ಣೆಯ ಚಪ್ಪಲಿ ಇರುವಂತೆಯೇ, ಸರ್ಕಾರಕ್ಕೂ ಬೆಟ್ಟಕ್ಕೂ ವಿರುದ್ಧವಾಗಿ ಒಂದು ಅಪರಾಧ ಎಸಗಿದ್ದೇನೆಂದು ಈ ಪುಸ್ತಕದ ಮುಂದೆ ಒಪ್ಪಿಕೊಳ್ಳುತ್ತೇನೆ.

ಬೆಟ್ಟದ ಮೈಮೇಲೆ ಇಪ್ಪತ್ತು ಗೂಟಗಳಿವೆ. ಹತ್ತು ದಿನಕ್ಕೊಮ್ಮೆ ಕುದುರೆಯೇರಿ ಹೋಗಿ, ಒಂದೊಂದು ಗೂಟದ ಬುಡದಲ್ಲೂ ಹಿಮ ಎಷ್ಟು ಎತ್ತರ ನಿಂತಿದೆಯೆಂದು ನೋಡಿ, ಸರಾಸರಿ ತೆಗೆದು ಹವಾಮಾನ ಕಚೇರಿಗೆ ಹೇಳಬೇಕು. ಇವತ್ತು ನಾನು ಅಡುಗೆಮನೆಯ ಕಿಟಕಿಯಿಂದ ದುರ್ಬೀನು ಹಿಡಿದು ನೋಡಿದೆ. ಇಪ್ಪತ್ತರಲ್ಲಿ ಒಂದು ಕಂಡಿತು, ಕುರಿದೊಡ್ಡಿಯ ಗೋಡೆಯ ಪಕ್ಕದ್ದು. ಅದರ ತಲೆಯ ಮೇಲೆ ಕಾಗೆ ಕೂತಿತ್ತು. ಕಾಗೆಯನ್ನು ಕಳೆದು, ಹೋದ ವರ್ಷದ ಪುಸ್ತಕವನ್ನು ಕೂಡಿ, ಆತ್ಮಸಾಕ್ಷಿಯಿಂದ ಭಾಗಿಸಿದಾಗ ಐವತ್ತೆರಡು ಸೆಂಟಿಮೀಟರ್ ಬಂತು. ಶೇಷ ಸೊನ್ನೆ. ಫೋನ್ ಮಾಡಿ ಹೇಳಿಬಿಟ್ಟೆ.

ಶಿಕ್ಷೆ ವಿಧಿಸುವ ಮುನ್ನ ನ್ಯಾಯಾಲಯ ಗಮನಿಸಬೇಕಾದ ಅಂಶಗಳು: ಹೊರಗೆ ಮೈನಸ್ ಮೂವತ್ತೊಂದು. ಒಳಗೆ ನನ್ನ ಹೆಂಡತಿ ಕಾಲಿಚಾ ಬೋರ್ಸೋಕ್ ಕರಿಯುತ್ತಿದ್ದಳು, ಹಿಟ್ಟಿನ ತುಂಡುಗಳು ಎಣ್ಣೆಯಲ್ಲಿ ಉಬ್ಬಿ ಉಬ್ಬಿ ನನ್ನನ್ನೇ ನೋಡುತ್ತಿದ್ದವು. ಕುದುರೆ ಕೊಟ್ಟಿಗೆಯಿಂದ ತಲೆ ಹೊರಗೆ ಹಾಕಿ, ಹವೆ ನೋಡಿ, ಮತ್ತೆ ಒಳಗೆಳೆದುಕೊಂಡಿತು. ಮೂಕಪ್ರಾಣಿಯ ಅಭಿಪ್ರಾಯಕ್ಕೆ ನಾನು ಬೆಲೆ ಕೊಡುವವನು. ಹೀಗಾಗಿ ಹಿಮವನ್ನು ತೂಗಬೇಕಾದವನು ಒಲೆಯ ಪಕ್ಕದಲ್ಲಿ ತೂಕಡಿಸಿದೆ.

ಜನವರಿ ೨೦

ಮತ್ತೆ ದುರ್ಬೀನು. ಈ ಸಲ ಕಾಗೆ ಇರಲಿಲ್ಲವಾದ್ದರಿಂದ ಅಳತೆ ಹೆಚ್ಚು ನಿಖರ. ಐವತ್ತನಾಲ್ಕು. ಮೊದಲ ಸಲ ಮಾಡಿದ್ದು ಅಪರಾಧ, ಎರಡನೆಯ ಸಲ ಮಾಡಿದ್ದು ಕಾರ್ಯವಿಧಾನ.

ಜನವರಿ ೨೯

ಅಂಗಡಿಯ ಬಾಗಿಲಿಗೆ ಹವಾಮಾನ ಕಚೇರಿಯ ಪ್ರಕಟಣೆ ಅಂಟಿಸಿದ್ದಾರೆ. ನಮ್ಮ ಕಣಿವೆ: ಹಿಮ ವಾಡಿಕೆಯ ಶೇಕಡ ತೊಂಬತ್ತೈದು, ಬೇಸಿಗೆಯಲ್ಲಿ ಹೊಳೆಗೆ ಸಾಕಷ್ಟು ನೀರು. ಅಕ್ಕಪಕ್ಕದ ಕಣಿವೆಗಳೆಲ್ಲ ವಾಡಿಕೆಗಿಂತ ತುಂಬಾ ಕೆಳಗೆ. ಬಡಕಲು ಮಂದೆಯ ನಡುವೆ ಕೊಬ್ಬಿದ ಟಗರಿನ ಹಾಗೆ ನಮ್ಮದೊಂದೇ ನಿಂತಿದೆ. ಇಲ್ಲಿರುವುದು ನನ್ನ ಠಾಣೆಯೊಂದೇ. ಅಂದರೆ ಈ ಪ್ರಕಟಣೆಯ ಕವಿ ನಾನೇ.

ಅಸಿಲ್ಕಾನ್ ಎಜೆ ಕನ್ನಡಕ ಏರಿಸಿ ಅದನ್ನು ಓದುತ್ತಿದ್ದರು. ಊರಿಗೆಲ್ಲ ಅವರು ಎಜೆ, ಅಕ್ಕ. ನನಗೆ ಐದನೆಯ ತರಗತಿಯಿಂದ ಗಣಿತ ಕಲಿಸಿದವರು. ಈಗ ನಿವೃತ್ತಿಯಾಗಿ, ಕಾಲುವೆಯ ಕಟ್ಟಕಡೆಯ ಹೊಲದಲ್ಲಿ ಮೇವು ಬೆಳೆದು, ಎರಡು ಹಸು ಹನ್ನೆರಡು ಕುರಿ ಸಾಕಿಕೊಂಡಿದ್ದಾರೆ.

"ತೊಂಬತ್ತೈದಾ? ನಾನು ನಿನಗೆ ಯಾವತ್ತೂ ಅಷ್ಟು ಕೊಟ್ಟಿಲ್ಲ ಕಣೋ," ಅಂದರು.

"ಬೆಟ್ಟ ಕೊಡ್ತು ಎಜೆ. ಅದು ನಿಮ್ಮಷ್ಟು ಜಿಪುಣ ಅಲ್ಲ."

"ಹಾಗಾದ್ರೆ ಸರಿ. ಈ ಸಲ ಮೇವಿನ ಹೊಲ ಪೂರ್ತಿ ಉತ್ತುಬಿಡ್ತೀನಿ. ಆಲೂಗಡ್ಡೆ ಹಾಕೋಣ ಅಂತ."

"ಪೂರ್ತಿನಾ?"

"ಅರ್ಧ ಉತ್ತರೆ ಅರ್ಧ ಆಲೂಗಡ್ಡೆ ಬರುತ್ತೆ. ಇಷ್ಟು ಲೆಕ್ಕನೂ ಮರೆತೋಯ್ತಾ? ಏಪ್ರಿಲ್ ಮೊದಲ ವಾರಕ್ಕೆ ಟ್ರ್ಯಾಕ್ಟರ್ ಹೇಳಿದೀನಿ."

ಆ ಮೇವು ಬೇರು ಬಿಟ್ಟು ನಿಲ್ಲಲು ಮೂರು ವರ್ಷ ತೆಗೆದುಕೊಂಡಿದೆ. ಒಮ್ಮೆ ನಿಂತರೆ ಎರಡೇ ಸಲ ನೀರು ಕಂಡರೂ ಬದುಕುತ್ತದೆ. ಆಲೂಗಡ್ಡೆ ಹಾಗಲ್ಲ, ಅದಕ್ಕೆ ಜುಲೈನಲ್ಲಿ ಕಾಲುವೆ ತುಂಬಿ ಹರಿಯಬೇಕು, ಅದೂ ಕಟ್ಟಕಡೆಯವರೆಗೆ. ಹರಿಯದಿದ್ದರೆ ಆಲೂಗಡ್ಡೆಯೂ ಇಲ್ಲ, ಮೇವೂ ಇಲ್ಲ, ಮುಂದಿನ ಚಳಿಗಾಲಕ್ಕೆ ಹಸುವೂ ಇಲ್ಲ.

ಉಪ್ಪು ತರಲು ಹೋಗಿದ್ದೆ. ಉಪ್ಪು ಬಿಟ್ಟು ಬಂದೆ.

ಫೆಬ್ರವರಿ ೧

ಬೆಟ್ಟಕ್ಕೆ ಹೋಗಿದ್ದೆ. ಕುದುರೆ ದಪ್ಪಗಾಗುತ್ತಿದೆ, ಅದಕ್ಕೆ ಸ್ವಲ್ಪ ವ್ಯಾಯಾಮವಾಗಲಿ ಎಂದು ಮಾತ್ರ.

ನನ್ನ ಕಿಟಕಿಗೆ ಕಾಣುವ ಗೂಟ ಮಹಾಮೋಸಗಾರ. ಗಾಳಿ ಇಡೀ ಇಳಿಜಾರಿನ ಹಿಮವನ್ನು ಗುಡಿಸಿ ತಂದು ದೊಡ್ಡಿಯ ಗೋಡೆಗೆ ಒರಗಿಸಿದೆ, ಗೂಟ ಅದರೊಳಗೆ ಕಂಬಳಿ ಹೊದ್ದು ನಿಂತಿದೆ. ಅಲ್ಲಿಂದಾಚೆ ಮೂರನೆಯ ಗೂಟದಲ್ಲಿ ಇಪ್ಪತ್ತೆರಡು. ಏಳನೆಯದರಲ್ಲಿ ಹದಿನೆಂಟು. ಹನ್ನೊಂದನೆಯದರ ಸುತ್ತ ಒಣಹುಲ್ಲಿನ ತುದಿಗಳು ಹಿಮದಿಂದ ತಲೆಯೆತ್ತಿ ನೋಡುತ್ತಿವೆ. ಇಪ್ಪತ್ತೂ ಗೂಟ ಮುಗಿಸಿ ಸರಾಸರಿ ತೆಗೆದೆ: ಇಪ್ಪತ್ತೈದು. ನಾನು ಹೇಳಿದ್ದರ ಅರ್ಧಕ್ಕಿಂತ ಕಡಿಮೆ.

ಕುದುರೆಯ ಮೇಲೆ ಕೂತು ಸ್ವಲ್ಪ ಹೊತ್ತು ಯೋಚಿಸಿದೆ. ಇದ್ದಕ್ಕಿದ್ದಂತೆ ಇಪ್ಪತ್ತೈದು ಎಂದರೆ, ಉಳಿದದ್ದು ಎಲ್ಲಿ ಎಂದು ಕೇಳುತ್ತಾರೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮನೆಗೆ ಬಂದು ಫೋನ್ ಮಾಡಿ ಐವತ್ಮೂರು ಅಂದೆ. ಒಂದು ಸೆಂಟಿಮೀಟರ್ ಪ್ರಾಮಾಣಿಕನಾದೆ.

ಫೆಬ್ರವರಿ ೨೦

ಹತ್ತರಂದು ನಲವತ್ತೇಳು ಹೇಳಿದ್ದೆ. ಇವತ್ತು ನಲವತ್ತೊಂದು. ಹೇಳಿ ಇನ್ನೂ ಹತ್ತು ನಿಮಿಷವಾಗಿಲ್ಲ, ಕಚೇರಿಯಿಂದ ತಿರುಗಿ ಫೋನ್ ಬಂತು. ಜಿಪಾರ್, ಅಲ್ಲಿನ ಹೊಸ ಎಂಜಿನಿಯರ್. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ಅಣ್ಣ ಎಂಬ ಮರ್ಯಾದೆಗೆ ಬಾಯ್ಕೆ ಅನ್ನುತ್ತಾಳೆ. ಮರ್ಯಾದೆ ಅಲ್ಲಿಗೆ ಮುಗಿಯುತ್ತದೆ.

"ಬಾಯ್ಕೆ, ಮೈನಸ್ ಇಪ್ಪತ್ತೈದರಲ್ಲಿ ನಿಮ್ಮ ಹಿಮ ಎಲ್ಲಿಗೆ ಹೋಗ್ತಿದೆ?"

"ಕರಗ್ತಿದೆ ಅಂತ ನಾನು ಹೇಳಿಲ್ಲವಲ್ಲ ತಂಗಿ."

"ಕರಗೋಕಾಗಲ್ಲ. ಅದಕ್ಕೇ ಕೇಳ್ತಿರೋದು."

"ಗಾಳಿ ಹೊತ್ಕೊಂಡು ಹೋಗ್ತಿದೆ."

"ಗಾಳಿಯ ಪುಸ್ತಕ ಬರೆಯೋರೂ ನೀವೇ. ಅದರಲ್ಲಿ ಈ ತಿಂಗಳು ಪೂರ್ತಿ ಸೊನ್ನೆ ಇದೆ."

ನಾನು ಸ್ವಲ್ಪ ಕೆಮ್ಮಿ, "ಇದು ಸದ್ದಿಲ್ಲದ ಗಾಳಿ," ಅಂದೆ.

ಆ ಕಡೆ ಪುಟ ತಿರುಗಿಸುವ ಸದ್ದು ಕೇಳಿತು. ಆಮೇಲೆ, "ಮಾರ್ಚಲ್ಲಿ ತೂಕ ತಗೋತೀರಲ್ಲ, ಆಗ ಗೊತ್ತಾಗುತ್ತೆ ಬಿಡಿ," ಅಂದು ಇಟ್ಟಳು.

ಸುಳ್ಳು ಹೇಳುವುದೇನೋ ಕರಗತವಾಯಿತು. ಹೇಳಿದ ಹಿಮವನ್ನು ಕರಗಿಸುವುದು ಇನ್ನೂ ಕರಗತವಾಗಿಲ್ಲ.

ಫೆಬ್ರವರಿ ೨೬

ಇವತ್ತು ಮತ್ತೆ ಹೋಗಿದ್ದೆ, ಅಳತೆಯ ದಿನವಲ್ಲದಿದ್ದರೂ. ಹೊಸ ಹಿಮ ಬಿದ್ದಿಲ್ಲ. ಹದಿನಾಲ್ಕನೆಯ ಗೂಟದ ಬಳಿ ಹೊಳೆಯ ಮೇಲೆ ಮಂಜುಗಡ್ಡೆ ತೆಳ್ಳಗಿದೆ. ಕಿವಿಗೊಟ್ಟರೆ ಕೆಳಗೆ ನೀರು ಹರಿಯುವುದು ಕೇಳಿಸುತ್ತದೆ. ಒಬ್ಬನೇ ಮನುಷ್ಯ ಪಿಸುಗುಟ್ಟುವಷ್ಟು ಸದ್ದು. ಇಡೀ ಊರು ಜುಲೈನಲ್ಲಿ ಕಾಯುವುದು ಇದನ್ನೇ.

ಮನೆಯಲ್ಲಿ ಕಾಲಿಚಾ ತಟ್ಟೆ ಮುಂದಿಟ್ಟು ಹಣೆ ಮುಟ್ಟಿ ನೋಡಿದಳು.

"ಏನಾಯ್ತು ಮುದುಕಪ್ಪ? ನಾಲ್ಕು ದಿನದಿಂದ ಒಂದು ತಮಾಷೆ ಇಲ್ಲ. ಜ್ವರವಾ?"

"ಚಳಿಗೆ ಹೆಪ್ಪುಗಟ್ಟಿವೆ."

"ಇದಕ್ಕೆ ನಗಬೇಕಾ?"

"ಬೇಡ."

"ಸದ್ಯ," ಅಂದು ಸೂಪು ಬಡಿಸಿದಳು.

ಅವಳಿಗೆ ಏನೋ ಭ್ರಮೆ. ನಾನು ಇದ್ದ ಹಾಗೇ ಇದ್ದೇನೆ.

ಮಾರ್ಚ್ ೩

ಇವತ್ತು ವರ್ಷದ ದೊಡ್ಡ ಅಳತೆ. ಹಿಮದ ಎತ್ತರ ಗೊತ್ತಾದರೆ ಸಾಲದು. ಒಂದು ಹಿಮ ಹತ್ತಿಯಂತೆ ಉಬ್ಬಿರುತ್ತದೆ, ಇನ್ನೊಂದು ಅದೇ ಎತ್ತರದಲ್ಲಿ ಎರಡರಷ್ಟು ನೀರು ಹಿಡಿದಿರುತ್ತದೆ. ಆದ್ದರಿಂದ ಕಬ್ಬಿಣದ ಕೊಳವೆಯನ್ನು ನೆಲದವರೆಗೆ ಇಳಿಸಿ, ಅದರೊಳಗೆ ನಿಂತ ಹಿಮದ ಕಂಬವನ್ನು ಮೇಲೆತ್ತಿ, ಕೊಳವೆಯ ಸಮೇತ ತಕ್ಕಡಿಗೆ ನೇತುಹಾಕಿ ತೂಗುತ್ತೇವೆ. ಕೊಳವೆಯ ತೂಕ ಕಳೆದರೆ ಉಳಿದದ್ದು ಬೇಸಿಗೆಯ ಹೊಳೆ.

ಹೋದ ವರ್ಷ ಆರು ಗೂಟ ತೂಗಿ ಉಳಿದದ್ದನ್ನು ಊಹಿಸಿದ್ದೆ. ಈ ಸಲ ಇಪ್ಪತ್ತನ್ನೂ ತೂಗಿದೆ. ಒಂಬತ್ತು ಮತ್ತು ಹದಿನಾರರ ಬಗ್ಗೆ ಸಂಶಯ ಬಂತು. ಹಿಂದಿರುಗಿ ಹೋಗಿ ಮತ್ತೆ ತೂಗಿದೆ. ಬೆರಳುಗಳು ಈಗಲೂ ಪೆನ್ನು ಹಿಡಿಯಲು ಒಪ್ಪುತ್ತಿಲ್ಲ.

ಮೂರು ಸಲ ಕೂಡಿದೆ, ಮೂರು ಸಲವೂ ಒಂದೇ ಉತ್ತರ. ವಾಡಿಕೆಯ ಶೇಕಡ ನಲವತ್ತೆಂಟು.

ಮಾರ್ಚ್ ೫

ಅಸಿಲ್ಕಾನ್ ಎಜೆಯ ಮನೆಗೆ ಹೋಗಿದ್ದೆ. ನೆಲದ ತುಂಬ ಹಳೆಯ ಪತ್ರಿಕೆ ಹಾಸಿ, ಬೀಜದ ಆಲೂಗಡ್ಡೆಗಳನ್ನು ಮೊಳಕೆ ಬರಲೆಂದು ಸಾಲಾಗಿ ಜೋಡಿಸಿದ್ದರು. ತರಗತಿಯಲ್ಲಿ ನಮ್ಮನ್ನು ಕೂರಿಸುತ್ತಿದ್ದ ಹಾಗೆ, ದೊಡ್ಡವು ಹಿಂದೆ, ಸಣ್ಣವು ಮುಂದೆ. ಕಾಲಿಡಲು ಜಾಗ ಹುಡುಕಿ ಕೂತೆ.

"ಎಜೆ, ಈ ವರ್ಷ ಬೆಟ್ಟ ಸ್ವಲ್ಪ ಬೋಳಾಗಿದೆ."

"ನಿನ್ನ ತಲೆಯಷ್ಟಾ?"

"ಅದಕ್ಕಿಂತ ಜಾಸ್ತಿ."

"ಹಾಗಾದ್ರೆ ಯಾರೋ ಬೋಳಿಸಿರಬೇಕು. ತಾನಾಗೇ ಅಷ್ಟು ಆಗಲ್ಲ."

"ತಮಾಷೆ ಅಲ್ಲ ಎಜೆ, ಬರ ಬರೋ ಹಾಗಿದೆ."

"ಬರ ಬರುತ್ತೆ ಅಂತ ಬರೆಯೋಕೇ ನಿನ್ನನ್ನ ಇಟ್ಟಿರೋದು. ನೀನು ಬರೆದಿರೋದು ತೊಂಬತ್ತೈದು. ನಿನ್ನ ಮಾತು ನಂಬಲಾ, ನಿನ್ನ ಬರಹ ನಂಬಲಾ?"

ಬಾಯಿ ತೆರೆದೆ. ಅದರಿಂದ ಬಂದದ್ದು ಆಲೂಗಡ್ಡೆಯ ಕಣ್ಣಿನ ಮೇಲೊಂದು ಹಳಸಲು ಹಾಸ್ಯ. ಅದಕ್ಕೆ ಅವರು ನಕ್ಕರು. ಆಮೇಲೆ ನನ್ನ ಬಟ್ಟಲಿಗೆ ಅಂಚಿನವರೆಗೆ ಚಹಾ ಸುರಿದು ಕೈಗಿತ್ತರು. ಅಂಚಿನವರೆಗೆ! ಅಂದರೆ, ಕುಡಿದು ಎದ್ದು ಹೋಗು. ಇಷ್ಟು ವರ್ಷ ಆ ಮನೆಯಲ್ಲಿ ನನಗೆ ಅರ್ಧರ್ಧ ಬಟ್ಟಲು ಸುರಿದು ಸುರಿದು ಕೂರಿಸಿಕೊಳ್ಳುತ್ತಿದ್ದರು.

ನಲವತ್ತು ವರ್ಷ ಊರನ್ನು ನಗಿಸಿದ್ದೇನೆ. ಇವತ್ತು ಒಂದು ವಾಕ್ಯವನ್ನು ನಂಬಿಸಲು ಆಗಲಿಲ್ಲ.

ಮಾರ್ಚ್ ೧೦

ತೂಕ ಎಷ್ಟು ಬಂತೆಂದು ಕಚೇರಿ ಕೇಳಿತು. "ಇನ್ನೂ ಮುಗಿದಿಲ್ಲ," ಅಂದೆ. ಕಾಲುವೆಯ ಸಭೆ ಇಪ್ಪತ್ತೆರಡಕ್ಕೆ. ಅಷ್ಟರಲ್ಲಿ ಏನಾದರೂ ಆಗಬಹುದು. ಹಿಮ ಬೀಳಬಹುದು.

ಮಾರ್ಚ್ ೧೭

ಬೀಳಲಿಲ್ಲ.

ಮಾರ್ಚ್ ೨೨

ನಿನ್ನೆ ಹೊಸ ವರ್ಷದ ನೂರೂಜ್ ಹಬ್ಬ, ಇವತ್ತು ಶಾಲೆಯ ಹಜಾರದಲ್ಲಿ ಕಾಲುವೆಯ ಸಭೆ. ಪ್ರತಿ ವರ್ಷದ ಪದ್ಧತಿ: ಹಿಮದ ಅಂಕಿ ಓದುವುದು, ಅದಕ್ಕೆ ತಕ್ಕಂತೆ ಯಾರು ಏನು ಬಿತ್ತಬೇಕು, ನೀರಿನ ಸರದಿ ಎಲ್ಲಿಂದ ಎಂದು ತೀರ್ಮಾನಿಸುವುದು. ನೀರುಗಂಟಿ ಮೆದೆರ್ ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು, "ತೊಂಬತ್ತೈದು," ಎಂದು ಓದಿದ. ಸಭೆ ತೃಪ್ತಿಯಿಂದ ಗುಂಯ್‌ಗುಟ್ಟಿತು.

"ಸರದಿ ಎಂದಿನ ಹಾಗೆ ಮೇಲಿನಿಂದ. ತುರ್ದಾಕುನ್ ಬಾಯ್ಕೆ, ನೀವೇನಾದ್ರೂ ಹೇಳ್ತೀರಾ?"

ಎದ್ದೆ. "ತೊಂಬತ್ತೈದಲ್ಲ. ನಲವತ್ತೆಂಟು."

ಎಲ್ಲರೂ ಗೊಳ್ಳೆಂದರು.

"ಮಿಕ್ಕಿದ್ದು ನಿನ್ನ ಕುದುರೆ ತಿಂತಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಕುದುರೆ ಅಲ್ಲ, ನಾನು ತಿಂದೆ," ಅಂದೆ. ಇನ್ನೂ ಜೋರು ನಗು. "ತಮಾಷೆ ಮಾಡ್ತಿಲ್ಲ," ಅಂದೆ. ಮುಂದಿನ ಸಾಲಿನ ಬಿಳಿಗಡ್ಡದ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುತ್ತ, "ಸಾಕು ಮಾರಾಯ, ಹೊಟ್ಟೆ ನೋಯ್ತಿದೆ," ಅಂದರು.

ನಗದೆ ಕೂತಿದ್ದವರು ಒಬ್ಬರೇ.

"ತುರ್ದಾಕುನ್, ಎದ್ದು ನಿಲ್ಲು," ಅಂದರು ಅಸಿಲ್ಕಾನ್ ಎಜೆ.

"ನಿಂತೇ ಇದೀನಿ ಎಜೆ."

"ಹಾಗಾದ್ರೆ ನೆಟ್ಟಗೆ ನಿಲ್ಲು. ತೊಂಬತ್ತೈದು ಎಲ್ಲಿಂದ ಬಂತು? ಲೆಕ್ಕ ತೋರಿಸು."

ತೋರಿಸಿದೆ. ಕಿಟಕಿ, ದುರ್ಬೀನು, ಕಾಗೆ, ಹೋದ ವರ್ಷದ ಪುಸ್ತಕ, ಕಾಲಲ್ಲಿದ್ದ ಚಪ್ಪಲಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದು, ಸದ್ದಿಲ್ಲದ ಗಾಳಿ, ಎಲ್ಲವನ್ನೂ. ನಾನು ಆ ಹಜಾರದಲ್ಲಿ ಹೇಳಿದ ಕತೆಗಳಲ್ಲೆಲ್ಲ ಅತಿ ಹೆಚ್ಚು ನಗು ಬರಬೇಕಾದ ಕತೆ ಅದು. ಒಬ್ಬರೂ ನಗಲಿಲ್ಲ. ಕಾಲಿಚಾ ತಲೆವಸ್ತ್ರವನ್ನು ಹಣೆಯ ಮೇಲೆ ಎಳೆದುಕೊಂಡಳು.

ಮೆದೆರ್ ನನ್ನ ಮುಖ ನೋಡದೆ ಕೇಳಿದ: "ಆ ನಲವತ್ತೆಂಟಾದ್ರೂ ಬೆಟ್ಟದ್ದಾ, ಕಿಟಕಿದಾ?"

"ಬೆಟ್ಟದ್ದು. ಇಪ್ಪತ್ತು ಗೂಟ. ಎರಡನ್ನ ಎರಡು ಸಲ."

ಅವನು ಕಾಗದದ ಮೇಲೆ ಗೀಟು ಹಾಕಿದ. "ಹಾಗಿದ್ರೆ ಸರದಿ ಕೊನೆಯಿಂದ."

ಬರದ ವರ್ಷ ನೀರು ಕಟ್ಟಕಡೆಯ ಹೊಲದಿಂದ ಶುರುವಾಗಬೇಕು. ಮೇಲಿನವರು ಕಾಲುವೆಯ ಬಾಯಲ್ಲೇ ಕೂತಿರುವವರು, ಹೇಗೋ ಬದುಕಿಕೊಳ್ಳುತ್ತಾರೆ. ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಮೇಲಿನವರು ಗೊಣಗಿದರು, ಆದರೆ ಅದರ ವಿರುದ್ಧ ಯಾರೂ ಮಾತಾಡಲಿಲ್ಲ. ಅವರಿಗೆ ಬೈಯಲು ನಾನೊಬ್ಬ ಸಿಕ್ಕಿದ್ದೆ.

ಹೊರಗೆ ಎಜೆ ನನ್ನನ್ನು ದಾಟಿ ಹೋಗುತ್ತ, ನಿಲ್ಲದೆಯೇ ಅಂದರು: "ಟ್ರ್ಯಾಕ್ಟರ್ ಬೇಡ ಅಂತ ಹೇಳಿಬಿಡ್ತೀನಿ. ಮೊಳಕೆ ಬಂದಿರೋ ಗಡ್ಡೆ ನಿನ್ನ ಮನೆಗೆ ಕಳಿಸ್ತೀನಿ. ಕೂತು ತಿನ್ನು."

ಮನೆಗೆ ಬಂದ ಕೂಡಲೇ ಜಿಪಾರ್‌ಗೆ ಫೋನ್ ಮಾಡಿ ಅಷ್ಟನ್ನೂ ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಬೇಗ ಮುಗಿಯಿತು.

ಏಪ್ರಿಲ್ ೯

ಕಚೇರಿಯಿಂದ ಛೀಮಾರಿ ಪತ್ರ ಬಂದಿದೆ. ಭಾಷೆ ಚೆನ್ನಾಗಿದೆ, ಎರಡು ಕಡೆ ಅಲ್ಪವಿರಾಮ ತಪ್ಪಿದೆ. ಅಂಗಡಿಯ ಬಾಗಿಲಲ್ಲಿ ಹೊಸ ಪ್ರಕಟಣೆ: ನಲವತ್ತೆಂಟು. ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಕಾಗೆಯ ಚಿತ್ರ ಬರೆದಿದ್ದಾರೆ.

ದಿನಾ ಆಲೂಗಡ್ಡೆ.

ಮೇ ೧೪

ಇಳಿಜಾರು ಎಂದಿಗಿಂತ ಎರಡು ವಾರ ಮೊದಲೇ ಬರಿದಾಗಿದೆ. ಮಳೆಯೂ ಇಲ್ಲ. ಇವತ್ತು ಅಳೆಯಲು ಏನೂ ಇರಲಿಲ್ಲ, ಆದರೂ ಹತ್ತಿ ಹೋದೆ. ಗೂಟಗಳು ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತಿದ್ದವು. ಹತ್ತೊಂಬತ್ತನೆಯದು ವಾಲಿತ್ತು, ಕಲ್ಲು ಜೋಡಿಸಿ ನಿಲ್ಲಿಸಿ ಬಂದೆ. ಕೆಳಗೆ ಎಜೆಯ ಹೊಲದಲ್ಲಿ ಮೇವು ಹಸಿರಾಗಿ ನಿಂತಿತ್ತು. ಎಷ್ಟು ಎತ್ತರವಿರಬಹುದೆಂದು ಅಲ್ಲಿಂದ ಹೇಳಲಾಗಲಿಲ್ಲ. ದುರ್ಬೀನು ತಂದಿರಲಿಲ್ಲ. ಅದು ಈಗ ಎಲ್ಲಿದೆಯೋ ಗೊತ್ತಿಲ್ಲ.

ಜೂನ್ ೨೭

ಇಂದಿನ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಬೇಕಿತ್ತು, ಮನೆಯಲ್ಲಿ ಕೆಂಪು ಶಾಯಿ ಇಲ್ಲ.

ಏಪ್ರಿಲ್‌ನಿಂದ ಇಲ್ಲಿಯವರೆಗೆ ಹೊಳೆಯಲ್ಲಿ ಹರಿದ ನೀರನ್ನು ಲೆಕ್ಕಹಾಕಿ ಮುಗಿಸಿದೆ. ವಾಡಿಕೆಯ ಶೇಕಡ ನಲವತ್ತೇಳು! ನಾನು ಹೇಳಿದ್ದು ನಲವತ್ತೆಂಟು. ಮೂರು ತಿಂಗಳು ಮುಂಚೆ, ಒಂದು ಇಡೀ ಬೆಟ್ಟದ ಹಿಮವನ್ನು ನೋಡಿ, ಒಂದೇ ಒಂದು ಅಂಕದಷ್ಟು ವ್ಯತ್ಯಾಸ. ಅಕ್ಕಪಕ್ಕದ ಕಣಿವೆಗಳಲ್ಲಿ ಮುನ್ಸೂಚನೆಗೂ ಹೊಳೆಗೂ ಮುಖ ಕಂಡರಾಗದು. ಅಲ್ಲಿ ಹೇಳಿದ್ದಕ್ಕಿಂತ ತುಂಬಾ ಕಡಿಮೆ ಬಂದಿದೆಯಂತೆ. ಮೆದೆರ್ ಕಾಲುವೆಯ ದಂಡೆಯ ಮೇಲೆ ನಾಲ್ಕು ಜನರ ಎದುರಿಗೆ ನನ್ನ ಕೈ ಕುಲುಕಿ, "ಬಾಯ್ಕೆ, ನಿಮಗೆ ಬೆಟ್ಟ ಕನಸಲ್ಲಿ ಬಂದು ಹೇಳುತ್ತಾ?" ಅಂದ.

"ಕನಸೇನು ಬಂತು! ಆ ಬೆಟ್ಟದಲ್ಲಿ ನನಗೆ ಗೊತ್ತಿಲ್ಲದ ಒಂದು ಚಮಚ ಹಿಮ ಇಲ್ಲ," ಅಂದೆ. ದೊಡ್ಡ ದನಿಯಲ್ಲೇ ಅಂದೆ. ಇದು ಜಂಬವಲ್ಲ, ಅಂಕಿ.

ಎಜೆ ಮನೆಗೆ ಕರೆದರು. ಅರ್ಧ ಬಟ್ಟಲು ಚಹಾ, ಮತ್ತೆ ಅರ್ಧ, ಮತ್ತೆ ಅರ್ಧ, ಹನ್ನೊಂದು ಸಲ. ಜೊತೆಗೆ ಹೊಸ ಬೆಣ್ಣೆ. ಕೊನೆಯಿಂದ ಶುರುವಾದ ಸರದಿಯ ನೀರಿನಲ್ಲಿ ಅವರ ಮೇವು ಒಂದು ಕೊಯ್ಲು ಮುಗಿದಿದೆ, ಎರಡನೆಯದು ಮೊಳಕಾಲಿಗೆ ಬಂದಿದೆ. ಆಲೂಗಡ್ಡೆ ಹಾಕಿದ ಪಕ್ಕದ ಊರಿನವರು ಬಕೆಟ್ ಹಿಡಿದು ಹೊಳೆಗೆ ಓಡುತ್ತಿದ್ದಾರಂತೆ.

"ಮುಂದಿನ ವರ್ಷ ಹೇಗೆ?" ಅಂದರು. "ಆಲೂಗಡ್ಡೆ ಆಸೆ ನನಗಿನ್ನೂ ಹೋಗಿಲ್ಲ ಕಣೋ."

"ಮಾರ್ಚ್ ಮೂರನೇ ತಾರೀಕು ತೂಗ್ತೀನಿ. ನಾನು ಉಳಬಹುದು ಅಂದ್ರೆ ಕಣ್ಮುಚ್ಚಿಕೊಂಡು ಉತ್ತುಬಿಡಿ ಎಜೆ. ಹೊಲದ ಹೊಣೆ ನನ್ನ ತಲೆ ಮೇಲೆ."

"ಕಣ್ಮುಚ್ಚಿಕೊಂಡು," ಎಂದು ಅವರೂ ಅಂದರು. ನನ್ನ ಮೇಲೆ ಅವರಿಗೆ ಈಗ ಅಷ್ಟು ನಂಬಿಕೆ.

ಜುಲೈ ೨

ಠಾಣೆಯ ಪರಿಶೀಲನೆಗೆ ಜಿಪಾರ್ ಬಂದಿದ್ದಳು. ಛೀಮಾರಿಯ ನಂತರ ಮೊದಲ ಭೇಟಿ. ನಾನು ಅಂಗಿಗೆ ಇಸ್ತ್ರಿ ಹಾಕಿಸಿದ್ದೆ. ಅವಳು ಪುಸ್ತಕಗಳನ್ನೆಲ್ಲ ನೋಡಿ ಮುಗಿಸಿ ನಕ್ಕಳು.

"ನಲವತ್ತೆಂಟಕ್ಕೆ ನಲವತ್ತೇಳು. ಕಚೇರಿಯಲ್ಲಿ ಎಲ್ಲರೂ ಕೇಳ್ತಿದಾರೆ ಬಾಯ್ಕೆ, ಹೇಗೆ ಮಾಡಿದ್ರಿ ಅಂತ."

ಹೇಗೆ ಮಾಡಿದೆನೆಂದು ತೋರಿಸಲು ಕೊಳವೆಯನ್ನು ಒಳಗಿನಿಂದ ತಂದು ಬಿಸಿಲಿಗೆ ಹಿಡಿದೆ.

"ಒಳಗೆ ನೋಡು ತಂಗಿ, ಕನ್ನಡಿ. ಹತ್ತೊಂಬತ್ತು ವರ್ಷದಲ್ಲಿ ಇದಕ್ಕೆ ಒಂದು ಚೂರು ಮಣ್ಣು ಮೆತ್ತಿಸಿಲ್ಲ."

"ಒಂದು ಚೂರೂ?"

"ಒಂದು ಚೂರೂ. ತುದಿ ನೆಲ ತಾಕಿದ ಕೂಡಲೇ ಎತ್ತಿಬಿಡ್ತೀನಿ."

ಅವಳು ಚಹಾದ ಬಟ್ಟಲು ಕೆಳಗಿಟ್ಟಳು. ನಗು ಹೋಗಿತ್ತು.

"ಬಾಯ್ಕೆ, ನೆಲದೊಳಗೂ ಎರಡು ಬೆರಳು ಇಳಿಸಬೇಕು. ತುದಿಗೆ ಮಣ್ಣು ಬಿರಡೆ ಥರ ಕೂರಬೇಕು. ಮೇಲೆ ತಂದು, ಆ ಮಣ್ಣು ಕೆರೆದು, ಆಮೇಲೆ ತೂಗೋದು."

"ನಾವು ತೂಗೋದು ಹಿಮ. ಮಣ್ಣು ಯಾಕೆ?"

"ಹಿಮ ತೆಳ್ಳಗಿದ್ದು ಚಳಿ ಜೋರಾಗಿದ್ರೆ ಅಡಿಯ ಪದರ ಸಕ್ಕರೆ ಥರ ಪುಡಿಪುಡಿ ಆಗಿರುತ್ತೆ. ಬಿರಡೆ ಇಲ್ದಿದ್ರೆ ಎತ್ತುವಾಗ ಸುರಿದುಹೋಗುತ್ತೆ, ಈ ಸಲದಂಥ ವರ್ಷ ಎಲ್ಲಕ್ಕಿಂತ ಜಾಸ್ತಿ."

ಸುರಿಯುತ್ತದೆ, ಹೌದು. ಪ್ರತಿ ವರ್ಷ ನೋಡಿದ್ದೇನೆ. ಕೊಳವೆಯ ತುದಿಯಿಂದ ಸಣ್ಣಗೆ ಉದುರುತ್ತದೆ, ಬಿಸಿಲಿಗೆ ಹೊಳೆಯುತ್ತದೆ. ಚೆನ್ನಾಗಿ ಕಾಣುತ್ತದೆ ಎಂದುಕೊಂಡಿದ್ದೆ. ಮಣ್ಣಿನ ವಿಷಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು ಎಂಬುದೂ ಈಗ ನೆನಪಾಗುತ್ತಿದೆ. ಮಣ್ಣು ಕೊಳವೆಯಲ್ಲಿ ಹೆಪ್ಪುಗಟ್ಟಿ ಕೂತರೆ ಬಿಡಿಸಲು ಅರ್ಧ ಗಂಟೆ ಬೇಕು, ಆದ್ದರಿಂದ ಮೊದಲ ವರ್ಷವೇ ಬಿಟ್ಟುಬಿಟ್ಟಿದ್ದೆ.

ಆದರೂ ಸೋಲೊಪ್ಪಲಿಲ್ಲ. "ನಾನು ತೂಗಿದ್ದು ಕಡಿಮೆಯಾಗಿದ್ರೆ ಹೊಳೆಗೆ ಜಾಸ್ತಿ ನೀರು ಬರಬೇಕಿತ್ತು. ಯಾಕೆ ಬರಲಿಲ್ಲ?"

ಅವಳು ಸ್ವಲ್ಪ ಹೊತ್ತು ಬೆಟ್ಟವನ್ನು ನೋಡಿದಳು. "ಹೋದ ಶರತ್ಕಾಲದಲ್ಲಿ ಇಲ್ಲಿ ಮಳೆ ಆಗಿತ್ತಾ?"

"ಇಲ್ಲ. ಸೆಪ್ಟೆಂಬರ್‌ನಿಂದ ಹನಿ ಇಲ್ಲ."

"ಎಲ್ಲ ಕಣಿವೆಲೂ ಹಾಗೇ. ನೆಲ ಬಾಯಾರಿದ ಹಾಗೇ ಹೆಪ್ಪುಗಟ್ಟಿತ್ತು. ಕರಗಿದ ನೀರನ್ನ ಹೊಳೆಗಿಂತ ಮೊದಲು ಅದು ಕುಡೀತು. ಅದಕ್ಕೇ ಬೇರೆಯವರ ಅಂದಾಜು ತಪ್ಪಿದ್ದು. ಅವರೆಲ್ಲ ಹಿಮವನ್ನ ಸರಿಯಾಗಿ ತೂಗಿದ್ರು."

ನನ್ನ ಕೊಳವೆಯಿಂದ ಎಷ್ಟು ಸುರಿದುಹೋಗಿತ್ತೋ ಹೆಚ್ಚುಕಡಿಮೆ ಅಷ್ಟನ್ನೇ ನೆಲ ಕುಡಿದಿದೆ. ಒಂದು ತಪ್ಪಿನ ಗುಂಡಿಗೆ ಇನ್ನೊಂದು ತಪ್ಪು ಅಳತೆ ಕೊಟ್ಟು ಹೊಲಿಸಿದ ಹಾಗೆ ಬಂದು ಕೂತಿದೆ. ಬರುವ ಶರತ್ಕಾಲದಲ್ಲಿ ಮಳೆ ಬಂದರೆ ಮುಂದಿನ ವರ್ಷ ಕಡಿಮೆ ಹೇಳಿ ತಪ್ಪುತ್ತಿದ್ದೆ, ಮಳೆ ಬಾರದೆ ಹಿಮ ದಪ್ಪಗೆ ಬಿದ್ದರೆ ಹೆಚ್ಚು ಹೇಳಿ. ಆಗ ಹೋಗುತ್ತಿದ್ದದ್ದು ಎಜೆಯ ಹೊಲ.

"ವರದಿಯಲ್ಲಿ ಏನು ಬರೀಲಿ?" ಎಂದು ಜಿಪಾರ್ ಮೆಲ್ಲಗೆ ಕೇಳಿದಳು. "ನಲವತ್ತೆಂಟು ಸರಿಯಾಗಿದೆ ಅಂತಷ್ಟೇ ಬರೆದರೂ ಅದು ಸುಳ್ಳಲ್ಲ."

"ಇದ್ದದ್ದು ಬರಿ," ಅಂದೆ. ಅವಳು ಯಾಕೋ ನನ್ನನ್ನೇ ಒಂದು ಕ್ಷಣ ನೋಡಿದಳು. ನಾನು ಆಗಲೇ ಟೋಪಿ ಹುಡುಕುತ್ತಿದ್ದೆ.

ಕುದುರೆಗೆ ಜೀನು ಹಾಕುವಷ್ಟೂ ತಡೆಯದೆ ಕಾಲುವೆಯ ದಂಡೆ ಹಿಡಿದು ನಡೆದೇ ಹೋದೆ. ಎಜೆ ಒಣಗಿದ ಮೇವನ್ನು ಬಣವೆಗೆ ಎಸೆಯುತ್ತಿದ್ದರು. ಕವೆಗೋಲು ಊರಿ ನಿಂತು ಪೂರ್ತಿ ಕೇಳಿಸಿಕೊಂಡರು. ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ. ಎಂದೂ ಹಾಗೆ ಮಾಡಿದವರಲ್ಲ.

"ಹಾಗಾದ್ರೆ ಈ ವರ್ಷ ನಿಜವಾಗಿ ಎಷ್ಟು ಹಿಮ ಬಿದ್ದಿತ್ತು?" ಎಂದು ಕೇಳಿದರು.

"ಗೊತ್ತಿಲ್ಲ ಎಜೆ."

"ಹೋದ ವರ್ಷ?"

"ಅದೂ ಗೊತ್ತಿಲ್ಲ."

ಅದರ ಹಿಂದಿನ ವರ್ಷದ್ದನ್ನು ಅವರು ಕೇಳಲಿಲ್ಲ. ಕೇಳದಿದ್ದರೂ ಹೇಳಿದೆ. ವಾಡಿಕೆ ಎಂದು ಊರೆಲ್ಲ ನಂಬಿರುವುದೂ ಇದೇ ಕೊಳವೆಯ ಲೆಕ್ಕ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ವರ್ಷವೂ ಈ ಬೆಟ್ಟದ ಮೇಲೆ ಎಷ್ಟು ಹಿಮ ಬಿತ್ತೆಂದು ನನಗೆ ಗೊತ್ತಿಲ್ಲ.